ಕುದುರೆ ದಾಟಿದ ಕಂದಕ

ಮಧ್ಯೆ ಮಧ್ಯೆ ಬೊರ್ರೆಂದು ಸದ್ದು ಕೇಳಿಸಿದರೆ ಅದು ಅಮೆರಿಕದ ನಮ್ಮ ವಯೋಮಿಂಗಿನ ಗಾಳಿ, ನಾನು ಇದನ್ನು ರೆಕಾರ್ಡ್ ಮಾಡುತ್ತಿರುವ ಫೋನಿನ ತಪ್ಪಲ್ಲ. ಈ ಕಥೆಯಲ್ಲಿ ತಪ್ಪುಗಳೆಲ್ಲ ನನ್ನವೇ. ಅವನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಊರಿನವರು ಇನ್ನೂ ಚೆನ್ನಾಗಿ ಹೇಳುತ್ತಾರೆ.

ನಾನು ಡಾರ್ಬಿ. ಇಪ್ಪತ್ತೆರಡು ವರ್ಷ. ಡ್ರೈ ಫೋರ್ಕ್‌ನ ಮೇವಿನ ಅಂಗಡಿಯಲ್ಲಿ ಮೂಟೆ ಎತ್ತಿ ಕೊಡುವ ಕೆಲಸ. ಊರಿನಲ್ಲಿ ನನ್ನ ಬಗ್ಗೆ ಎರಡು ಮಾತಿವೆ. ಒಂದು, ಹಲ್ಲುಜ್ಜುವುದಕ್ಕೂ ಪಟ್ಟಿ ಬರೆದಿಡುವವಳು ಎಂದು. ಎರಡು, ಟ್ರೇಲರ್ ಹಿಂದಕ್ಕೆ ತೆಗೆಯಲು ಬರದವಳು ಎಂದು. ಮೊದಲನೆಯದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ. ಎರಡನೆಯದು ನಮ್ಮ ಕಡೆ ಬಹಳ ನಾಚಿಕೆಯ ವಿಷಯ. ಇಲ್ಲಿ ಮೀಸೆ ಮೂಡದ ಹುಡುಗರು ಹುಲ್ಲಿನ ಗಾಡಿಯನ್ನು ಹಿಮ್ಮುಖವಾಗಿ ಕೊಟ್ಟಿಗೆಯೊಳಕ್ಕೆ ನುಗ್ಗಿಸುತ್ತಾರೆ. ನಾನು ಅಂಗಡಿಗೆ ಎರಡು ಸುತ್ತು ಹಾಕಿ, ಪಕ್ಕದವರ ಬೇಲಿ ಸವರಿಕೊಂಡು ಬಂದು, ಮುಂದಿನಿಂದಲೇ ನಿಲ್ಲಿಸುತ್ತೇನೆ. ಯಾರಾದರೂ ನೋಡಿದರೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನುತ್ತೇನೆ. ಮೋಡ ಕವಿದ ದಿನವೂ ಹಾಗೆ ಹೇಳಿದ್ದುಂಟು.

ಆದರೆ ಹೇಳಬೇಕಾದದ್ದು ಲವೋನ್ ಅತ್ತೆಯ ಕಥೆ. ಅಪ್ಪನ ಅಕ್ಕ, ಅರವತ್ತೊಂಬತ್ತು ವರ್ಷ. ಅಪ್ಪ ಎಣ್ಣೆ ಬಾವಿಗಳ ಹಿಂದೆ ರಾಜ್ಯ ರಾಜ್ಯ ಸುತ್ತುವವನಾದ್ದರಿಂದ ನಾನು ಇರುವುದು ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ. ಅತ್ತೆ ಮೂವತ್ತು ವರ್ಷ ಊರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು. ಯಾರ ಮನೆಗೆ ಯಾರ ಕಾಗದ ಬರುವುದು ಯಾವಾಗ ನಿಂತಿತು ಎಂಬುದು ಅವಳಿಗೆ ಗೊತ್ತು, ಆದರೆ ಒಂದನ್ನೂ ಬಾಯಿ ಬಿಡುವುದಿಲ್ಲ. ಎರಡು ವರ್ಷ ಮದುವೆಯಾಗಿದ್ದಳಂತೆ. ಕೇಳಿದರೆ, "ಅವನಿಗಿಂತ ಆಗ ತಗೊಂಡಿದ್ದ ಟ್ರಕ್ಕೇ ಜಾಸ್ತಿ ದಿನ ಬಾಳಿಕೆ ಬಂತು" ಎಂದು ಮಾತು ಮುಗಿಸುತ್ತಾಳೆ. ಹುಲ್ಲಿನ ಹೊರೆ ಕಟ್ಟುವ ಹುರಿಯ ತುಂಡು ಅವಳ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಗೇಟು, ಚೀಲ, ಒಮ್ಮೆ ನನ್ನ ಕನ್ನಡಕ, ಎಲ್ಲವೂ ಅದರಿಂದಲೇ ರಿಪೇರಿ.

ಅವಳಿಗೊಂದು ಕುದುರೆ. ಹೆಸರು ಸೆನೆಟರ್. ಹದಿನೇಳು ವರ್ಷದ ಕಂದು ಗಂಡುಕುದುರೆ. ಏನು ಹೇಳಿದರೂ ಒಂದು ಗಳಿಗೆ ಯೋಚಿಸಿ, ಆಮೇಲೆ ತನಗೇ ಹೊಳೆದ ವಿಚಾರ ಎಂಬಂತೆ ಮಾಡುತ್ತದೆ. ಅದಕ್ಕೇ ಆ ಹೆಸರು. ಹದಿಮೂರು ಬೇಸಿಗೆ ಅತ್ತೆ ಅದರ ಬೆನ್ನ ಮೇಲೆ ಬೆಟ್ಟಗಳಿಗೆ ಹೋಗಿ ಮಲಗಿ ಬಂದಿದ್ದಾಳೆ.

ಈ ಫೆಬ್ರವರಿಯಲ್ಲಿ ಕೋಳಿಗಳಿಗೆ ನೀರು ಒಯ್ಯುವಾಗ ಮಂಜುಗಡ್ಡೆಯ ಮೇಲೆ ಜಾರಿ ಅತ್ತೆ ಎಡ ಸೊಂಟ ಮುರಿದುಕೊಂಡಳು. ಕುದುರೆ ಹತ್ತಿದವಳು ಕೋಳಿಯಿಂದ ಬಿದ್ದಳು ಎಂದು ಊರಿನವರು ನಕ್ಕರು. ಅತ್ತೆಯೂ ನಕ್ಕಳು. ಹೊಸ ಸೊಂಟ ಹಾಕಿದರು. ಮೇ ತಿಂಗಳಿಗೆಲ್ಲ ಡಾಕ್ಟರು, ಗಾಡಿ ಓಡಿಸಬಹುದು, ಮೆಲ್ಲಗೆ ಕುದುರೆಯನ್ನೂ ಹತ್ತಬಹುದು ಎಂದರು. ಒಪ್ಪದವಳು ಅತ್ತೆಯೇ. ಟ್ರಕ್ಕಿನ ಕೀಲಿ ಗೋಡೆಯ ಮೊಳೆಯಲ್ಲೇ ಉಳಿಯಿತು. ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯಿಂದ ಸೆನೆಟರ್‌ನನ್ನು ನೋಡುವಳು, ಅದು ಬೇಲಿಯಿಂದ ಇವಳನ್ನು ನೋಡುವುದು. ಇಬ್ಬರೂ ಏನೂ ಮಾಡುತ್ತಿರಲಿಲ್ಲ.

ಜೂನಿನಲ್ಲಿ ಒಂದು ದಿನ ಎಮ್ಮೆಟ್ ಸೋರೆನ್ಸನ್ ಬಂದರು. ಪಕ್ಕದ ಕಣಿವೆಯಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಸುತ್ತಾಡಿಸುವ ಬಿಡಾರ ನಡೆಸುವವರು, ಅತ್ತೆಯ ಜೊತೆ ಶಾಲೆ ಕಲಿತವರು. ಅಡುಗೆಮನೆಯಲ್ಲಿ ಅವರಿಬ್ಬರ ಮಾತು ನನ್ನ ಕಿವಿಗೆ ಬಿತ್ತು.

"ಮೆತ್ತಗಿನ ಕುದುರೆ ಬೇಕು ಅಂತಿದ್ದೆಯಲ್ಲ," ಎಂದಳು ಅತ್ತೆ. "ಸೆನೆಟರ್‌ನ ಕರ್ಕೊಂಡ್ಹೋಗು."

"ಲವೋನ್, ಯೋಚ್ನೆ ಮಾಡಿ ಹೇಳ್ತಿದೀಯಾ?"

"ಯಾರೂ ಹತ್ತದೆ ನಿಂತ್ರೆ ಅದಕ್ಕೆ ಬೇಜಾರು. ನಾನಂತೂ ಹತ್ತಲ್ಲ."

ನಾನು ಒಳಗೆ ನುಗ್ಗಿದೆ. "ಅತ್ತೆ, ಒಂದೇ ಒಂದು ಸಲ ಹೋಗೋಣ. ಮೂರು ದಿನ. ಬೆಟ್ಟದಲ್ಲಿ ಬಿಡಾರ. ಎಲ್ಲಾ ನಾನೇ ನೋಡ್ಕೊತೀನಿ. ಅದಾದ್ಮೇಲೂ ಬೇಡ ಅನ್ಸಿದ್ರೆ ಕೊಟ್ಬಿಡು."

ಅತ್ತೆ ಎಮ್ಮೆಟ್‌ರ ಮುಖ ನೋಡಿದಳು. "ಇವಳು ಪ್ಲಾನ್ ಮಾಡ್ತಾಳಂತೆ."

"ಹಾಗಾದ್ರೆ ಊರಲ್ಲಿ ಕಾಗದದ ಸ್ಟಾಕ್ ಖಾಲಿ ಆಗುತ್ತೆ," ಎಂದರು ಎಮ್ಮೆಟ್. ಕೊನೆಗೆ ತೀರ್ಮಾನವಾದದ್ದು ಇಷ್ಟು. ಜುಲೈ ಎರಡನೇ ಶುಕ್ರವಾರ ನಾವು ಹೊರಡುವುದು, ಭಾನುವಾರ ವಾಪಸು. ಸೋಮವಾರ ಬೆಳಿಗ್ಗೆ ಎಮ್ಮೆಟ್ ಟ್ರೇಲರ್ ತರುವುದು. ಅತ್ತೆ ಕೊಡುವುದಿಲ್ಲ ಎಂದರೆ ಖಾಲಿ ಹಿಂದಿರುಗುವುದು. ಇಲ್ಲದಿದ್ದರೆ ಸೆನೆಟರ್ ಅವರದು.

ಹೀಗೆ ಒಂದು ಕುದುರೆಯ ಮತ್ತು ಒಬ್ಬ ಹೆಂಗಸಿನ ಮುಂದಿನ ದಿನಗಳು ನನ್ನ ಪಟ್ಟಿಯ ಮೇಲೆ ನಿಂತವು. ನನಗಂತೂ ಖುಷಿಯೋ ಖುಷಿ. ಇಂಥ ದೊಡ್ಡ ಪಟ್ಟಿ ಬರೆಯುವ ಅವಕಾಶ ಅಲ್ಲಿಯವರೆಗೆ ಬಂದೇ ಇರಲಿಲ್ಲ.

ಐದು ವಾರ ಬರೆದೆ. ಹನ್ನೊಂದು ಪುಟ. ಟ್ರೇಲರಿನ ನೆಲದ ಹಲಗೆಗಳಿಗೆ ಚಾಕು ಚುಚ್ಚಿ ಕೊಳೆತಿಲ್ಲವೆಂದು ನೋಡಿದೆ. ಟ್ರಕ್ಕಿನದು, ಟ್ರೇಲರಿನದು, ಎಲ್ಲ ಚಕ್ರಗಳ ಗಾಳಿ ನೋಡಿದೆ, ಹೆಚ್ಚುವರಿ ಚಕ್ರದ್ದೂ ಸೇರಿ. ಕುದುರೆಗಳು ನಮ್ಮವೇ ಎಂದು ತೋರಿಸುವ ಬರೆಗುರುತಿನ ಕಾಗದ ಮಾಡಿಸಿದೆ. ಕಾಡಿನ ಒಳಗೆ ಕಳೆಬೀಜ ಇಲ್ಲದ ಹುಲ್ಲನ್ನಷ್ಟೇ ಬಿಡುತ್ತಾರೆ, ಅದಕ್ಕೆ ಬೇರೆ ಬಣ್ಣದ ಹುರಿ ಕಟ್ಟಿರುತ್ತಾರೆ. ಆ ಹೊರೆಗಳನ್ನು ಅಂಗಡಿಗೆ ಬಂದ ದಿನವೇ ನನ್ನ ಹೆಸರು ಬರೆದು ಮೂಲೆಗೆ ತಳ್ಳಿದೆ. ರಾತ್ರಿ ಕುದುರೆ ಕಟ್ಟಲು ಮರದಿಂದ ಮರಕ್ಕೆ ಎಳೆಯುವ ಹಗ್ಗ, ತೊಗಟೆ ಸವೆಯದಂತೆ ಮರಕ್ಕೆ ಸುತ್ತುವ ಅಗಲ ಪಟ್ಟಿ, ಬೀನ್ಸ್, ಬೇಕನ್, ಕಬ್ಬಿಣದ ಬಾಣಲೆ, ಎರಡು ಬಗೆ ಕಾಫಿ. ಒಂದು ಪ್ಲಾಸ್ಟಿಕ್ ಸ್ಟೂಲನ್ನೂ ಸೇರಿಸಿದೆ.

"ಇದ್ಯಾರಿಗೆ?" ಅತ್ತೆ ಸ್ಟೂಲನ್ನು ಕಾಲಿನಿಂದ ತಳ್ಳಿದಳು.

"ಕುದುರೆ ಹತ್ತೋಕೆ... ನನಗೆ."

"ನೀನು ಐದಡಿ ಒಂಬತ್ತಿಂಚು ಇದೀಯ."

"ನನ್ನ ಕುದುರೆ ಎತ್ತರ."

"ನಿನ್ನ ಕುದುರೆ ಮೇಕೆಗಿಂತ ಸ್ವಲ್ಪ ದೊಡ್ದು ಕಣೇ." ಸ್ಟೂಲು ಕೊಟ್ಟಿಗೆಗೆ ಹಿಂದಿರುಗಿತು.

ಆ ಮೇಕೆಗಿಂತ ಸ್ವಲ್ಪ ದೊಡ್ಡ ಹೆಣ್ಣುಕುದುರೆಯ ಹೆಸರು ಪಿಕಲ್. ಅದಕ್ಕೆ ಟ್ರೇಲರ್ ಹತ್ತಲು ಕಲಿಸುವುದು ಪುಟ ನಾಲ್ಕರಿಂದ ಆರರವರೆಗಿನ ವಿಷಯ. ಅದು ಬೇರೆ ದುಃಖ.

ಜಾಗ ಆರಿಸಿದ್ದು ಕೆಟಲ್ ಹಳ್ಳದ ಮೇಲಿನ ಹುಲ್ಲುಗಾವಲು. ಅತ್ತೆ ಅಲ್ಲಿಗೆ ಹೋಗಿ ಎಂಟು ವರ್ಷವಾಗಿತ್ತು. ರಸ್ತೆ ಹುಲ್ಲುಗಾವಲಿನವರೆಗೂ ಹೋಗುತ್ತದೆ. ಅಲ್ಲಿಯೇ ಟ್ರೇಲರ್ ತಿರುಗಿಸಬಹುದು ಎಂದರೆ ಹಿಂದಕ್ಕೆ ತೆಗೆಯುವ ಮಾತೇ ಇಲ್ಲ. ಇದನ್ನು ನಾನು ಪಟ್ಟಿಯಲ್ಲಿ ಬರೆಯಲಿಲ್ಲ, ಆದರೆ ಆ ಜಾಗ ಆರಿಸಲು ಅರ್ಧ ಕಾರಣ ಇದೇ.

ಎರಡು ವಾರ ಮೊದಲು ನಾನೇ ಹೋಗಿ ನೋಡಿ ಬಂದೆ. ಈಚೆ ಕಣಿವೆಯಲ್ಲಿ ಅಂಗಡಿಯ ಒಬ್ಬ ಗಿರಾಕಿಯ ಜಮೀನಿದೆ. ಅಲ್ಲಿಂದ ಪಿಕಲ್ ಮೇಲೆ ಗುಡ್ಡ ದಾಟಿ ಹುಲ್ಲುಗಾವಲಿಗೆ ಇಳಿದೆ. ಎಷ್ಟು ಜವಾಬ್ದಾರಿಯಿಂದ ನೋಡಿದೆ ಎಂದರೆ, ಹಳ್ಳದ ನೀರಿನ ಆಳವನ್ನು ಕೋಲಿನಿಂದ ಅಳೆದೆ. ಹಗ್ಗ ಕಟ್ಟುವ ಮರಗಳನ್ನು ತಬ್ಬಿ ದಪ್ಪ ನೋಡಿದೆ. ಎಲ್ಲಿ ಕೆಸರು, ಎಲ್ಲಿ ಸಡಿಲ ಕಲ್ಲು, ಎಲ್ಲಿ ಹುಲ್ಲು ಮೊಣಕಾಲಿನವರೆಗೆ, ಎಲ್ಲ ಬರೆದೆ. ರಸ್ತೆಯ ಮೇಲೂ ಸ್ವಲ್ಪ ದೂರ ಇಳಿದು ಹೋಗಿ ಬಂದೆ.

"ರಸ್ತೆ ಹೇಗಿದೆ?" ಎಂದು ಅತ್ತೆ ಕೇಳಿದಾಗ, "ಸೂಪರ್," ಎಂದೆ.

ಶುಕ್ರವಾರ ಬೆಳಿಗ್ಗೆ ಸೆನೆಟರ್ ಟ್ರೇಲರಿನ ಬಾಗಿಲ ಬಳಿ ನಿಂತು, ಯೋಚಿಸಿ, ಒಳಗೆ ಹೋಗಿ ನಿಂತಿತು. ಪಿಕಲ್ ಮುಂಗಾಲು ಒಳಗಿಟ್ಟು, ನನ್ನ ಮುಖ ನೋಡಿ, ಹಿಂದೆ ಸರಿಯಿತು. ಇಪ್ಪತ್ತೆರಡು ಸಲ. ನಾನು ಪುಟ ಐದನ್ನು ತೆಗೆದು ಓದಿದೆ. ಅತ್ತೆ ಬೇಲಿಗೆ ಒರಗಿಕೊಂಡು, "ಅದಕ್ಕೂ ಓದಿ ಹೇಳು, ಗೊತ್ತಾಗ್ಲಿ," ಎಂದಳು. ಕೊನೆಗೆ ನಾನು ಸೋತು ಹಗ್ಗ ಸಡಿಲ ಬಿಟ್ಟು ನೆಲದ ಮೇಲೆ ಕೂತಾಗ ಪಿಕಲ್ ತಾನಾಗಿ ಹತ್ತಿತು, ಸೆನೆಟರಿನ ಹುಲ್ಲು ತಿನ್ನಲು.

ನಾನೇ ಟ್ರಕ್ ಓಡಿಸಿದೆ. ಅತ್ತೆ ಪಕ್ಕದಲ್ಲಿ, ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು. ಫೆಬ್ರವರಿಯಿಂದ ಅವಳು ಕೂತಿದ್ದು ಯಾವಾಗಲೂ ಪಕ್ಕದಲ್ಲೇ. ದಾರಿಯಲ್ಲಿ ಎದುರಾದ ಪ್ರತಿ ಗಾಡಿಗೂ ನಾನು ಸ್ಟೀರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹಾಕಿದೆ, ನಮ್ಮ ಕಡೆ ಎಲ್ಲರೂ ಹಾಕುವಂತೆ. ಆವತ್ತು ನನ್ನ ಬೆರಳಿಗೆ ಸ್ವಲ್ಪ ಗತ್ತು ಹೆಚ್ಚಿತ್ತು.

ಕೆಟಲ್ ಹಳ್ಳದ ಬುಡದಲ್ಲಿ ಒಂದು ಅಗಲವಾದ ಬಯಲು, ಒಂದು ಮರದ ಫಲಕ. ಅಲ್ಲಿ ಹಸಿರು ಟೋಪಿಯ ಮುದುಕ ಒಬ್ಬ ಮಡಚುವ ಕುರ್ಚಿಯಲ್ಲಿ ಕೂತು ಗಾಳಕ್ಕೆ ಹುಳು ಚುಚ್ಚುತ್ತಿದ್ದ. ಫಲಕದಲ್ಲಿ ಎರಡು ಕಾಗದ. ನಾನು ಇಳಿದು ಹೋಗಿ ಕುದುರೆ ಚಿತ್ರವಿದ್ದ ಬಿಳಿ ಕಾಗದವನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ಹುಲ್ಲು ಸರಿ, ಹಗ್ಗ ಸರಿ, ಸಗಣಿ ಹರಡಬೇಕು, ಸರಿ. ಪಕ್ಕದ ಹಳದಿ ಕಾಗದದ ಮೇಲೆ "ವಾಹನಗಳಿಗೆ" ಎಂದಿತ್ತು. ನಾವು ಕುದುರೆಯವರಲ್ಲವೇ? ಬಿಟ್ಟೆ.

ಹೊರಟಾಗ ಮುದುಕ ಎದ್ದು ನಿಂತು ಎರಡೂ ಕೈ ಬೀಸಿದ. ಎಷ್ಟು ಸ್ನೇಹದ ಮನುಷ್ಯ ಎಂದುಕೊಂಡು ಒಂದು ಬೆರಳೆತ್ತಿದೆ. ಅವನು ಇನ್ನೂ ಜೋರಾಗಿ ಬೀಸಿದ. ಎರಡು ಬೆರಳೆತ್ತಿದೆ.

ರಸ್ತೆ ಏರತೊಡಗಿತು. ಬಲಕ್ಕೆ ಗುಡ್ಡ, ಎಡಕ್ಕೆ ಇಳಿಜಾರು, ಕೆಳಗೆ ಹಳ್ಳ. ಅಗಲ ಒಂದು ಟ್ರಕ್ಕಿನಷ್ಟು, ಇಕ್ಕೆಲದಲ್ಲೂ ಒಂದೆರಡು ಅಡಿ. ಅರ್ಧ ಮೈಲಿ ಹೋದ ಮೇಲೆ ಒಂದು ತಿರುವು, ತಿರುವಿನಾಚೆ ರಸ್ತೆಗೆ ಅಡ್ಡಲಾಗಿ ಒಂದು ಕಂದಕ. ಹಿಮ ಕರಗಿದ ನೀರು ರಸ್ತೆಯನ್ನು ಕೊಯ್ದುಕೊಂಡು ಹೋಗಿತ್ತು. ಮೂರಡಿ ಅಗಲ, ನನ್ನ ಸೊಂಟದಷ್ಟು ಆಳ.

ನಾನು ಬ್ರೇಕ್ ಹಾಕಿದೆ. ಹಿಂದೆ ಪಿಕಲ್ ದಡ್ ಎಂದು ಒದ್ದಿತು.

"ಇದು ಹೊಸದಾಗಿ ಆಗಿರೋದಾ?" ಅತ್ತೆ ಕೇಳಿದಳು.

ಆ ಕಂದಕವನ್ನು ನಾನು ಗುರುತು ಹಿಡಿದೆ. ಚೆನ್ನಾಗಿಯೇ ಹಿಡಿದೆ. ಎರಡು ವಾರದ ಹಿಂದೆ ಪಿಕಲ್ ಮೇಲೆ ಕೂತು ಅದನ್ನು ಎರಡು ಸಲ ದಾಟಿದ್ದೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅದರ ಬಗ್ಗೆ ಪುಟ ಒಂಬತ್ತರಲ್ಲಿ ಬರೆದೂ ಇದ್ದೆ.

"ಸ್ವಲ್ಪ ಹಳೇದು," ಎಂದೆ.

ಅತ್ತೆ ಕೈ ಚಾಚಿದಳು. ನಾನು ಪಟ್ಟಿ ಕೊಟ್ಟೆ. ಅವಳು ಕನ್ನಡಕ ಹಾಕಿ ಪುಟ ತಿರುವಿ ಗಟ್ಟಿಯಾಗಿ ಓದಿದಳು: "ಹುಲ್ಲುಗಾವಲಿನ ಕೆಳಗೆ ರಸ್ತೆಯಲ್ಲಿ ಸಣ್ಣ ಕಂದಕ. ಪಿಕಲ್ ಆರಾಮಾಗಿ ದಾಟಿತು. ಹೆದರಲಿಲ್ಲ. ಜಾಣೆ."

ಪುಟದ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

"ಟ್ರಕ್ ಬಗ್ಗೆ ಏನೂ ಬರ್ದಿಲ್ಲ," ಎಂದಳು ಅತ್ತೆ.

"ನಾನು ಕುದುರೆ ಮೇಲಿದ್ದೆ, ಅತ್ತೆ. ಕುದುರೆ ಥರಾನೇ ಯೋಚ್ನೆ ಮಾಡ್ದೆ."

"ಕುದುರೆಗೆ ಅವಮಾನ ಮಾಡ್ಬೇಡ."

ಫೋನಿಗೆ ಸಿಗ್ನಲ್ ಇಲ್ಲ. ತಿರುಗಿಸಲು ಜಾಗವಿಲ್ಲ. ಉಳಿದದ್ದು ಒಂದೇ ದಾರಿ, ಅರ್ಧ ಮೈಲಿ, ಹಿಂದಕ್ಕೆ.

"ಕೈ ಸ್ಟೀರಿಂಗಿನ ಕೆಳಭಾಗದಲ್ಲಿ ಹಿಡಿ," ಎಂದಳು ಅತ್ತೆ. "ಟ್ರೇಲರ್ ಹಿಂಭಾಗ ಯಾವ ಕಡೆ ಹೋಗ್ಬೇಕೋ ಆ ಕಡೆಗೆ ಕೈ ಸರಿಸು. ಅಷ್ಟೇ."

ಅಷ್ಟೇ ಎನ್ನುವ ಮಾತನ್ನು ಅಷ್ಟು ಸುಲಭವಾಗಿ ಹೇಳುವವರನ್ನು ಕಂಡರೆ ನನಗಾಗದು. ನಾನು ಕೈ ಸರಿಸಿದೆ. ಟ್ರೇಲರ್ ಗುಡ್ಡದ ಕಡೆ ಬಾಲ ತಿರುಗಿಸಿತು. ಗಾಬರಿಯಾಗಿ ಆಚೆಗೆ ಸರಿಸಿದೆ. ಅದು ಇಳಿಜಾರಿನ ಕಡೆ ಹೊರಟಿತು. ಹತ್ತಡಿ ಹೋಗುವಷ್ಟರಲ್ಲಿ ಟ್ರಕ್ಕೂ ಟ್ರೇಲರೂ ಒಂದನ್ನೊಂದು ತಬ್ಬಿಕೊಳ್ಳುವಂತೆ ಮಡಚಿಕೊಂಡವು. ಎಡ ಹಿಂಚಕ್ರ ರಸ್ತೆಯ ಅಂಚಿಗೆ ಬಂದು, ಒಂದಿಷ್ಟು ಜಲ್ಲಿಕಲ್ಲು ಉರುಳುರುಳಿ ಹಳ್ಳಕ್ಕೆ ಬಿದ್ದ ಸದ್ದು ಕೇಳಿಸಿತು. ಸೆನೆಟರ್ ಒಂದು ಸಲ ಹೇಷಾರವ ಮಾಡಿತು. ಅದು ಮಾಡುವುದೇ ಇಲ್ಲ.

"ನಿಲ್ಸು." ಅತ್ತೆಯ ದನಿ ತಣ್ಣಗಿತ್ತು. "ಎಂಜಿನ್ ಆಫ್ ಮಾಡು. ಕುದುರೆಗಳು ಮೊದ್ಲು ಇಳೀಲಿ."

ಟ್ರೇಲರಿನ ಬಾಗಿಲು ಅದೃಷ್ಟಕ್ಕೆ ರಸ್ತೆಯ ಮೇಲೇ ಇತ್ತು. ಎರಡನ್ನೂ ಮೆಲ್ಲಗೆ ಹಿಂದೆ ಹಿಂದೆ ಇಳಿಸಿದೆ. ಅತ್ತೆ ಟ್ರಕ್ಕಿನಿಂದ ಇಳಿದು, ಬಾಗಿಲು ಹಿಡಿದುಕೊಂಡೇ ಸುತ್ತಿಕೊಂಡು ಬಂದು, ಚಕ್ರ ನೋಡಿದಳು, ಅಂಚು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, ನಾನು ಕೆಳಗೆ ಓಡಿ ಹೋಗಿ ಆ ಮೀನು ಹಿಡಿಯೋ ಅಜ್ಜನ್ನ ಕರೀತೀನಿ."

"ಯಾಕೆ?"

"ಅವನಿಗೆ ಬರಬಹುದು."

"ನನಗೆ ಬರತ್ತಲ್ಲ."

"ನಿನ್ನ ಸೊಂಟ..."

"ಸೊಂಟದಲ್ಲಿ ಸ್ಟೀರಿಂಗ್ ತಿರುಗ್ಸೋದಾ? ಕೀ ಎಲ್ಲಿ?"

"ಗಾಡಿಯಲ್ಲೇ."

ಡ್ರೈವರ್ ಬಾಗಿಲಿನ ಎದುರು ಅವಳು ಸ್ವಲ್ಪ ಹೊತ್ತು ನಿಂತಳು. ಟ್ರಕ್ಕಿನ ಮೆಟ್ಟಿಲು ಎತ್ತರ. ನಾನು ಮುಂದೆ ಹೋಗಲಿಲ್ಲ. ಹೋಗಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ಬಲಗಾಲು ಇಟ್ಟಳು, ಹಿಡಿ ಹಿಡಿದಳು, ಒಂದು ಕೆಟ್ಟ ಬೈಗುಳ ಬೈದಳು, ಮೇಲೆ ಕೂತಿದ್ದಳು. ಆ ಬೈಗುಳ ನನಗೋ ಸೊಂಟಕ್ಕೋ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

"ನೀನು ಹಿಂದೆ, ಮೂವತ್ತು ಹೆಜ್ಜೆ ದೂರ ನಿಲ್ಲು. ಕನ್ನಡೀಲಿ ನಿನ್ನ ಮುಖ ಕಾಣ್ತಿರ್ಬೇಕು. ಕಾಣ್ಲಿಲ್ಲ ಅಂದ್ರೆ ನಿಲ್ಲಿಸ್ತೀನಿ. ಅಂಚು ನೋಡಿ ಕೈ ತೋರ್ಸು."

ಮೊದಲು ಅವಳು ಹತ್ತು ಹನ್ನೆರಡಡಿ ಮುಂದಕ್ಕೆ ಹೋಗಿ ಎಲ್ಲವನ್ನೂ ನೇರ ಮಾಡಿದಳು. ಮುಂಚಕ್ರ ಕಂದಕದ ಬಾಯಿಗೆ ಒಂದು ಗೇಣು ಇರುವಾಗ ನಿಂತಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆಮೇಲೆ ಟ್ರೇಲರ್ ಮೆಲ್ಲಗೆ, ನೀರಿನಲ್ಲಿ ದೋಣಿ ಬಂದಂತೆ, ನನ್ನ ಕಡೆ ಬರತೊಡಗಿತು.

ಈಗ ನನ್ನ ಸ್ಥಿತಿ ನೋಡಿ. ಎಡಗೈಯಲ್ಲಿ ಎರಡು ಕುದುರೆಗಳ ಹಗ್ಗ. ಬಲಗೈಯಲ್ಲಿ ಸನ್ನೆ. ನಾನು ಹಿಂದೆ ಹಿಂದೆ ನಡೆಯಬೇಕು. ಸೆನೆಟರ್ ಮರ್ಯಾದೆಯಾಗಿ ಬಂತು. ಪಿಕಲ್ ಮಾತ್ರ ಹುಲ್ಲು ಕಂಡಲ್ಲೆಲ್ಲ ನಿಂತು, ಆಮೇಲೆ ಓಡಿ ಬಂದು ನನ್ನ ಭುಜಕ್ಕೆ ಗುದ್ದುತ್ತಿತ್ತು. ಅದು ಎಳೆದಾಗಲೆಲ್ಲ ನನ್ನ ಬಲಗೈಯೂ ಆಕಾಶಕ್ಕೆ ಹೋಗುತ್ತಿತ್ತು.

ಟ್ರಕ್ ನಿಂತಿತು. ಕಿಟಕಿಯಿಂದ ಅತ್ತೆಯ ತಲೆ ಹೊರಬಂತು. "ಎಡಕ್ಕಾ ಬಲಕ್ಕಾ, ಅಥ್ವಾ ಕುಣೀತಾ ಇದೀಯಾ?"

"ಪಿಕಲ್ ಎಳೀತಿದೆ!"

"ಪಿಕಲ್‌ಗೇ ಸನ್ನೆ ಮಾಡೋಕೆ ಹೇಳು. ನೀನು ಹುಲ್ಲು ತಿನ್ನು."

ಮತ್ತೆ ಹೊರಟಳು. ತಿರುವಿನಲ್ಲಿ ಮೂರು ಸಲ ಮುಂದೆ ಹೋಗಿ ಹಿಂದೆ ಬಂದಳು. ನಾನು "ಸಾಕು, ಸಾಕು, ಸಾಕು" ಎಂದು ಕೂಗಿದರೆ ಇನ್ನೂ ಒಂದಡಿ ಬಂದು ನಿಲ್ಲಿಸುತ್ತಿದ್ದಳು. ನನ್ನ "ಸಾಕು" ಎಷ್ಟು ಬೇಗ ಬರುತ್ತದೆ ಎಂಬ ಅಂದಾಜು ಅವಳಿಗೆ ಸಿಕ್ಕಿತ್ತು. ಎರಡು ಸಲ ಎಂಜಿನ್ ಆರಿಸಿ ಇಳಿದು, ಟ್ರಕ್ಕಿಗೆ ಕೈಯೂರಿ, ಎಡಗಾಲನ್ನು ಆಡಿಸಿ ಮತ್ತೆ ಹತ್ತಿದಳು. ಎರಡನೆಯ ಸಲ ಮುಖ ಬಿಳಿಚಿತ್ತು.

"ನೋವಾ ಅತ್ತೆ?"

"ಹ್ಞೂಂ. ಅದಕ್ಕೇನೀಗ?" ಎಂದಳು. ಆಮೇಲೆ, "ಬ್ರೇಕ್ ಸ್ವಲ್ಪ ಬಿಗಿ ಇದೆ. ನಾನಿಲ್ದೆ ಯಾರೂ ನೋಡ್ಕೊಂಡಿಲ್ಲ," ಎಂದಳು. ಐದು ತಿಂಗಳಿನಿಂದ ಆ ಟ್ರಕ್ಕನ್ನು ನೋಡಿಕೊಂಡವಳು ನಾನು. ಅದು ಪುಟ ಎರಡು.

ಬಯಲಿಗೆ ಬರುವಾಗ ಐವತ್ತು ನಿಮಿಷ ಆಗಿತ್ತು. ಹಸಿರು ಟೋಪಿಯ ಮುದುಕ ತನ್ನ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು ಕೂತಿದ್ದ. ಹೊಸಬರು ಟ್ರೇಲರ್ ಹಿಂದಕ್ಕೆ ತೆಗೆಯುವುದನ್ನು ನೋಡುವುದು ನಮ್ಮ ಬಿಡಾರಗಳಲ್ಲಿ ಎಲ್ಲರಿಗೂ ಇಷ್ಟದ ಕೆಲಸ. ಮೊದಲು ಕಂಡದ್ದು ಎರಡು ಕುದುರೆಗಳ ನಡುವೆ ಬೆವರಿ, ಹಿಂದು ಮುಂದಾಗಿ ನಡೆದು ಬರುತ್ತಿದ್ದ ನಾನು. ಅವನಿಗೆ ಆಗಲೇ ಟಿಕೆಟ್ಟಿಗೆ ತಕ್ಕ ಮಜಾ ಸಿಕ್ಕಿತ್ತು.

"ಕೈ ಬೀಸಿದ್ನಲ್ಲಮ್ಮ ನಾನು," ಎಂದ.

"ನಾನೂ ಬೀಸಿದೆ."

"ಎರಡು ಬೆರಳು. ನೋಡ್ದೆ."

ಅತ್ತೆ ಟ್ರೇಲರನ್ನು ಎರಡು ಪೈನ್ ಮರಗಳ ನಡುವೆ, ಒಂದೇ ಸಲಕ್ಕೆ, ಅಳೆದು ಇಟ್ಟ ಹಾಗೆ ನಿಲ್ಲಿಸಿದಳು. ಅಲ್ಲಿಗೆ ನಿಲ್ಲಿಸುವ ಅಗತ್ಯವೇ ಇರಲಿಲ್ಲ. ಇಡೀ ಬಯಲು ಖಾಲಿ ಇತ್ತು.

ಮುದುಕ ಟೋಪಿ ತೆಗೆದ. "ಅರ್ಧ ಮೈಲಿ, ಆ ರಸ್ತೇಲಿ. ಎಷ್ಟು ದಿನಕ್ಕೊಂದ್ಸಲ ಮಾಡ್ತೀರಿ ಇದನ್ನ?"

"ಇವಳು ಪ್ಲಾನ್ ಮಾಡಿದಾಗೆಲ್ಲ," ಎಂದಳು ಅತ್ತೆ.

ನಾನು ಟ್ರೇಲರಿನ ಪಕ್ಕ ನೆಲಕ್ಕೆ ಕೂತೆ. ಹನ್ನೊಂದು ಪುಟ, ಐದು ವಾರ, ಎಲ್ಲ ಹಳ್ಳಕ್ಕೆ. ಸೋಮವಾರ ಎಮ್ಮೆಟ್ ಬರುತ್ತಾರೆ, ಸೆನೆಟರ್ ಹೋಗುತ್ತದೆ, ಕಾರಣ ನಾನು. ಒಂದು ಸುಖದ ದಿನ ತೋರಿಸುತ್ತೇನೆ ಎಂದು ಕರೆತಂದು, ಅರ್ಧ ಮೈಲಿ ನೋವು ತೋರಿಸಿದ್ದೆ. ಇದನ್ನೇ ಅತ್ತೆಗೆ ಹೇಳಿದೆ. ಹೇಳುವಾಗ ಸ್ವಲ್ಪ ಕಣ್ಣೀರೂ ಹಾಕಿದೆ. ಇದನ್ನು ಹೇಳದೆ ಬಿಡಬಹುದಿತ್ತು.

ಅತ್ತೆ ಬಂಪರಿಗೆ ಒರಗಿ ಪಟ್ಟಿಯನ್ನು ಇನ್ನೊಮ್ಮೆ ತೆಗೆದಳು. "ಹೆದರಲಿಲ್ಲ. ಜಾಣೆ," ಎಂದು ಓದಿದಳು. ಅವಳ ಭುಜ ಅಲುಗಿತು. ನಗು. ಫೆಬ್ರವರಿಯಿಂದ ನಾನು ಕೇಳಿದ್ದ ಮರ್ಯಾದೆಯ ನಗುವಲ್ಲ. ಸೊಂಟ ಹಿಡಿದುಕೊಂಡು, "ಅಯ್ಯೋ ನೋವು, ಅಯ್ಯೋ," ಎನ್ನುತ್ತ ಮತ್ತೆ ಮತ್ತೆ ಬರುವ ನಗು. ಮುದುಕನಿಗೂ ಓದಿ ಹೇಳಿದಳು. ಅವನು ಗಾಳ ಕೈಬಿಟ್ಟ.

ಕಣ್ಣು ಒರೆಸಿಕೊಂಡು ಅವಳೆಂದಳು: "ಜೀನು ಹಾಕು."

"ಎಲ್ಲಿಗೆ?"

"ಸಣ್ಣ ಕಂದಕ ನೋಡ್ಬೇಕು. ಕುದುರೆ ಮೇಲಿಂದ ಹೇಗೆ ಕಾಣ್ಸುತ್ತೆ ಅಂತ."

ನಾನು ಸೆನೆಟರಿಗೆ ಜೀನು ಹಾಕಿದೆ. ಅತ್ತೆ ಟ್ರೇಲರಿನ ಚಕ್ರದ ಮೇಲಿನ ತಗಡಿನ ಮೇಲೆ ನಿಂತಳು. ಸೆನೆಟರ್ ಪಕ್ಕಕ್ಕೆ ಬಂದು, ಯೋಚಿಸಿ, ತಾನಾಗಿ ಅರ್ಧ ಹೆಜ್ಜೆ ಹತ್ತಿರ ಸರಿಯಿತು. ಅವಳು ಕಾಲು ಹಾಕುವಾಗ ಮುದುಕ ಹಳ್ಳದ ಕಡೆ ಮುಖ ತಿರುಗಿಸಿಕೊಂಡ. ನಾನೂ ಪಿಕಲ್‌ನ ಹೊಟ್ಟೆಪಟ್ಟಿಯನ್ನು ಸುಮ್ಮನೆ ಮೂರು ಸಲ ಬಿಗಿ ಮಾಡಿದೆ. ತಿರುಗಿ ನೋಡಿದರೆ ಅವಳು ಮೇಲಿದ್ದಳು. ಲಗಾಮು ಕೈಗೆ ಬಂದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು.

ಅದೇ ರಸ್ತೆಯಲ್ಲಿ ಏರಿದೆವು. ಈ ಸಲ ಇಪ್ಪತ್ತು ನಿಮಿಷ. ಸೆನೆಟರ್ ಕಂದಕದ ಮುಂದೆ ನಿಂತಿತು, ಮೂಗಿನಿಂದ ಅಂಚು ಮೂಸಿತು, ಒಂದು ಉದ್ದ ಹೆಜ್ಜೆ ಹಾಕಿ ದಾಟಿತು. ಅತ್ತೆ ಆಚೆ ದಡದಲ್ಲಿ ತಿರುಗಿ, "ನಿಜ ಕಣೇ. ಏನೂ ಅಲ್ಲ ಇದು," ಎಂದಳು.

ಹುಲ್ಲುಗಾವಲಿನ ಆರಂಭದವರೆಗೆ ಹೋದೆವು, ಅದಕ್ಕಿಂತ ಮುಂದೆ ಆಗಲಿಲ್ಲ. ಅತ್ತೆಯ ಎಡಗಾಲು, ಜೀನಿನಿಂದ ಇಳಿಬಿದ್ದ ರಿಕಾಪಿನ ಬಳೆಯಲ್ಲಿ ಮರಗಟ್ಟಿತು. ಅವಳು ಕಾಲನ್ನು ಅದರಿಂದ ಬಿಡಿಸಿ ಜೋಲುಬಿಟ್ಟಳು. ದೂರದ ಏರಿನ ಮೇಲಿನ ಹಿಮದ ಗೆರೆಯನ್ನು ನೋಡುತ್ತ ಕೂತಳು. ಹಿಂದೆಲ್ಲ ಅವಳು ಆ ಗೆರೆ ದಾಟಿ ಆಚೆ ಕಣಿವೆಗೆ ಇಳಿಯುತ್ತಿದ್ದಳು.

"ಅಲ್ಲಿಗೆ ಇನ್ನು ಆಗಲ್ಲ," ಎಂದಳು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ. ಪಿಕಲ್ ತಲೆ ಕೊಡವಿತು, ನನ್ನ ಬಾಯಿ ಅದರ ಕತ್ತಿಗೆ ಬಡಿದು ಮುಚ್ಚಿತು. ಈ ಕಥೆಯಲ್ಲಿ ಪಿಕಲ್ ಮಾಡಿದ ಒಂದೇ ಉಪಕಾರ ಅದು.

ಅತ್ತೆ ಎಡಗಾಲನ್ನು ಮತ್ತೆ ರಿಕಾಪಿಗೆ ಹಾಕಿ, "ಇಲ್ಲೀವರೆಗೆ ಆಗುತ್ತೆ," ಎಂದಳು.

ಎರಡು ದಿನ ಕೆಳಗಿನ ಬಯಲಿನಲ್ಲೇ ಬಿಡಾರ ಮಾಡಿದೆವು. ಮುದುಕ ಮೀನು ಕೊಟ್ಟ, ನಾವು ಬೇಕನ್ ಕೊಟ್ಟೆವು. ನಾನು ತಬ್ಬಿ ಅಳೆದಿದ್ದ ಮರಗಳು ಮೇಲೆಯೇ ಉಳಿದವು. ಕುದುರೆಗಳನ್ನು ಯಾವುದೋ ಎರಡು ಮರಕ್ಕೆ ಕಟ್ಟಿದೆವು, ಏನೂ ಆಗಲಿಲ್ಲ. ಬೆಳಿಗ್ಗೆ ಒಂದು ಗಂಟೆ ಸವಾರಿ, ಮಧ್ಯಾಹ್ನ ಅತ್ತೆ ಮಲಗುವುದು, ಸಂಜೆ ಅರ್ಧ ಗಂಟೆ. ವಾಪಸು ಬರುವಾಗ ಕೀಲಿ ಅವಳ ಕೈಯಲ್ಲೇ ಇತ್ತು, ನಾನು ಕೇಳಲಿಲ್ಲ.

ಸೋಮವಾರ ಎಮ್ಮೆಟ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಅವರ ಕೈಯಲ್ಲಿ ಕುದುರೆಯ ಮುಖಕ್ಕೆ ಹಾಕುವ ಹೊಸ ಹಾಲ್ಟರ್ ಇತ್ತು, ನೀಲಿ ಬಣ್ಣದ್ದು. ಕೆನ್ನೆಯ ಮೇಲೆ ಬರುವಂತೆ ಹಿತ್ತಾಳೆಯ ಸಣ್ಣ ತಗಡಿನಲ್ಲಿ ಸೆನೆಟರ್ ಎಂದು ಕೊರೆಸಿದ್ದರು. ಅತ್ತೆ ಬೇಲಿಯ ಬಳಿ ನಿಂತಿದ್ದಳು, ಪಕ್ಕದಲ್ಲಿ ಸೆನೆಟರ್. ನಾನು ಹುಲ್ಲು ಎಳೆಯುವಂತೆ ನಟಿಸುತ್ತ ಕಿವಿ ಅಲ್ಲೇ ಇಟ್ಟಿದ್ದೆ.

"ಹೇಗಾಯ್ತು ಟ್ರಿಪ್ಪು?" ಎಮ್ಮೆಟ್ ಕೇಳಿದರು.

"ಕೆಟ್ಟದಾಗಿ ಆಯ್ತು," ಎಂದಳು ಅತ್ತೆ.

ಎಮ್ಮೆಟ್ ತಲೆಯಾಡಿಸಿ, ಹಾಲ್ಟರಿನ ಕೊಂಡಿ ಬಿಚ್ಚುತ್ತ ಸೆನೆಟರಿನ ಕಡೆ ಒಂದು ಹೆಜ್ಜೆ ಇಟ್ಟರು. ಅತ್ತೆ ಕೈ ಎತ್ತಿ ಕುದುರೆಯ ಕತ್ತಿನ ಮೇಲಿಟ್ಟಳು, ಎಮ್ಮೆಟ್‌ಗೂ ಕುದುರೆಗೂ ನಡುವೆ.

"ದಿನಕ್ಕೆ ಒಂದು ಗಂಟೆ ಹತ್ತಬಲ್ಲೆ ಎಮ್ಮೆಟ್. ಜಾಸ್ತಿ ಆಗಲ್ಲ. ಒಂದು ಗಂಟೆ ಸಾಕು ಅಂತ ಇವನೂ ಒಪ್ಕೊಂಡಿದಾನೆ. ನಿನ್ನನ್ನ ಸುಮ್ನೆ ಅಷ್ಟು ದೂರದಿಂದ ಕರೆಸ್ದೆ."

"ಪರ್ವಾಗಿಲ್ಲ ಬಿಡು. ನಾಲ್ಕೇ ಮೈಲಿ." ಎಮ್ಮೆಟ್ ಹಾಲ್ಟರನ್ನು ಕೈಯಲ್ಲಿ ತಿರುಗಿಸಿದರು. ಹೆಸರು ಕೊರೆಸಿದ್ದಾಗಿದೆ, ಬೇರೆ ಕುದುರೆಗೆ ಹಾಕುವಂತಿಲ್ಲ. ಅವರ ಬಳಿ ಇನ್ನೊಂದು ಸೆನೆಟರ್ ಇಲ್ಲ.

"ಅದನ್ನ ಕೊಡು ಇಲ್ಲಿ," ಎಂದಳು ಅತ್ತೆ. "ಬಣ್ಣ ಚೆನ್ನಾಗಿದೆ."

ಅವರು ಕೊಟ್ಟರು. ಅವಳು ಅಲ್ಲೇ ನಿಂತು ಹಾಕಿ ನೋಡಿದಳು. ಒಂದು ಅಳತೆ ದೊಡ್ಡದಾಗಿತ್ತು. ಹೊಸ ತೂತು ಎಲ್ಲಿ ಹಾಕಬೇಕು ಎಂದು ಇಬ್ಬರೂ ಹತ್ತು ನಿಮಿಷ ಜಗಳವಾಡಿದರು. ಸೆನೆಟರ್ ಕಣ್ಣು ಅರ್ಧ ಮುಚ್ಚಿಕೊಂಡು ಇಬ್ಬರ ವಾದವನ್ನೂ ಕೇಳಿತು.